ನಾಕ್ಸನ ಹದಿನಾರನೇ ಪುಟ

ದೋಹಾ
6 ಅಕ್ಟೋಬರ್ 1995, ಶುಕ್ರವಾರ

ಕಾಸ್ಮಿರ್ ಪೊರ್ಬುಗಳಿಗೆ ಹಾಶಿಮನ ಸಲಾಂ.

‘ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ’ ಎಂದು ಬರೆಯುವುದನ್ನು ನಾನು ಬಿಟ್ಟಿದ್ದೇನೆ. ಈ ಕ್ಯಾಂಪಿನಲ್ಲಿ ಅಕ್ಷರ ಬಾರದವರ ಕಾಗದಗಳನ್ನು ಬರೆದುಕೊಡುವವನು ನಾನು. ರಾತ್ರಿಯಿಡೀ ಕೆಮ್ಮುವವನೂ ಕ್ಷೇಮ, ಮೂರು ತಿಂಗಳಿಂದ ಮನೆಯ ಕಾಗದ ಕಾಣದವನೂ ಕ್ಷೇಮ. ಮೊದಲ ಸಾಲೇ ಸುಳ್ಳಾದ ಮೇಲೆ ಉಳಿದದ್ದನ್ನು ಯಾರು ನಂಬಬೇಕು? ನಿಮಗೆ ಸುಳ್ಳು ಬರೆಯಲಾರೆ. ನಾನು ಇಲ್ಲಿ ಪೈಪು ಹೊರುತ್ತೇನೆ. ಒಂದು ಕೋಣೆಯಲ್ಲಿ ಎಂಟು ಜನ ಮಲಗುತ್ತೇವೆ. ನನ್ನದು ಮೇಲಿನ ಮಂಚ.

ಈಗ ಮುಖ್ಯ ಸಂಗತಿ. ಕಳೆದ ವಾರ ಅಲ್ ಮುಂತಜಾದಲ್ಲಿ ಒಬ್ಬ ಬಿಳಿಯ ಇಂಜಿನಿಯರ್ ಖಾಲಿ ಮಾಡಿ ಹೋದ ಮನೆಯ ನಲ್ಲಿ ಸರಿಮಾಡಲು ನಮ್ಮನ್ನು ಕಳಿಸಿದ್ದರು. ಅಡುಗೆಮನೆಯಲ್ಲಿ ಅವನು ಬಿಟ್ಟುಹೋದ ಪೆಟ್ಟಿಗೆ ಇತ್ತು. “ಯಲ್ಲಾ, ಕಸಕ್ಕೆ ಹಾಕಿ” ಎಂದ ಫೋರ್‌ಮನ್. ಅದರಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ರಟ್ಟು ಇಲ್ಲ, ಕೊನೆಯ ಪುಟಗಳೂ ಇಲ್ಲ. ಅಂಗಿಯೊಳಗೆ ಇಟ್ಟುಕೊಂಡು ಬಂದೆ.

ಅದು ಹೆನ್ರಿ ನಾಕ್ಸ್ ಎಂಬವನ ಚರಿತ್ರೆ. ಇನ್ನೂರು ವರ್ಷದ ಹಿಂದಿನ ಅಮೆರಿಕದವನು. ಶಾಲೆ ಬಿಟ್ಟು ಚಿಕ್ಕಂದಿನಲ್ಲೇ ಪುಸ್ತಕದಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಆಮೇಲೆ ತನ್ನದೇ ಅಂಗಡಿ ಇಟ್ಟ. ಮಾರಬೇಕಾದ ಪುಸ್ತಕಗಳನ್ನು ಓದಿ ಓದಿಯೇ ಫಿರಂಗಿ ವಿದ್ಯೆ ಕಲಿತ! ಯುದ್ಧ ಬಂದಾಗ ನಡುಚಳಿಗಾಲದಲ್ಲಿ, ಹಿಮದ ಮೇಲೆ, ಎತ್ತು ಕಟ್ಟಿದ ಜಾರುಬಂಡಿಗಳಲ್ಲಿ ಐವತ್ತೊಂಬತ್ತು ಫಿರಂಗಿಗಳನ್ನು ಮುನ್ನೂರು ಮೈಲಿ ದೂರ ಸಾಗಿಸಿದ. ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಅದಕ್ಕೆ ಕರವಸ್ತ್ರ ಸುತ್ತಿಕೊಳ್ಳುತ್ತಿದ್ದ. ಅವನ ಹೆಂಡತಿ ಲೂಸಿ ರಾಜನ ಕಡೆಯ ದೊಡ್ಡ ಅಧಿಕಾರಿಯ ಮಗಳು. ಗಂಡನಿಗಾಗಿ ತವರನ್ನು ಬಿಟ್ಟವಳು ಮತ್ತೆ ತವರಿನವರ ಮುಖ ನೋಡಲಿಲ್ಲ.

ಪೊರ್ಬುಗಳೇ, ನಾನು ಕಲಿತದ್ದೆಲ್ಲ ನಿಮ್ಮ ಪ್ರೆಸ್ಸಿನಲ್ಲಿ. ನಿಮ್ಮ ಒಂದು ರೂಪಾಯಿಯ ಚರಿತ್ರೆಗಳನ್ನು ಮಡಚುತ್ತ ಮಡಚುತ್ತ ಓದಿದವನು. ಹದಿನಾರು ಪುಟದ ಆ ಮಾಲೆಯಲ್ಲಿ ನಾಕ್ಸ್ ಬರಬೇಕು. ಕನ್ನಡದಲ್ಲಿ ನಾನು ಬರೆಯುತ್ತೇನೆ.

ರೂಮಿನವರಿಗೆ ಓದಿ ಹೇಳಿದೆ. ಕೆಳಗಿನ ಮಂಚದ ಕೊರಗಣ್ಣ ನಕ್ಕರು. “ಫಿರಂಗಿ ಎಳೆದದ್ದು ಅವನಾ? ಎತ್ತು ಎಳೆದದ್ದು ಮಾರಾಯ. ಎತ್ತಿನ ಹೆಸರು ಬರೆದಿದ್ದಾರಾ ನಿನ್ನ ಪುಸ್ತಕದಲ್ಲಿ?”

ಮುಂದಿನ ಅಕ್ಟೋಬರಿಗೆ ನನ್ನ ಎರಡು ವರ್ಷ ಮುಗಿಯುತ್ತದೆ. ನೇರ ಪ್ರೆಸ್ಸಿಗೇ ಬರುತ್ತೇನೆ. ಉಮ್ಮ ತೀರಿಕೊಂಡ ಮೇಲೆ ಊರೆಂದರೆ ನನಗೆ ಅದೊಂದೇ ಬಾಗಿಲು.

ಹಾಶಿಮ್

*

ಮಂಗಳೂರು, ಬಂದರು
28 ಅಕ್ಟೋಬರ್ 1995

ಪ್ರಿಯ ಹಾಶಿಮ,

ನಾನು ಹಳಬ. ಕ್ಷೇಮವೆಂದೇ ಬರೆಯುತ್ತೇನೆ. ನಾನೂ ಉರ್ಸುಲಾಳೂ, ಗಂಡಹೆಂಡತಿ ಇಬ್ಬರೂ ಕ್ಷೇಮ.

ನಿನ್ನ ನಾಕ್ಸನ ವಿಷಯ ಉರ್ಸುಲಾಳಿಗೆ ಹೇಳಿದೆ. ಅವಳು ನನ್ನ ಕೈ ನೋಡಿದಳು, ಟ್ರೆಡಲ್ ಅಚ್ಚುಮೆಷಿನು ತಿಂದ ಬೆರಳನ್ನು. “ನಿಮಗೂ ಪುಸ್ತಕದ ಹುಚ್ಚು, ನಿಮಗೂ ಬೆರಳಿಲ್ಲ. ಮತ್ತೆ ನಿಮ್ಮನ್ನು ಯಾಕೆ ಸೇನಾಪತಿ ಮಾಡಲಿಲ್ಲ?” ಎಂದಳು. “ಎತ್ತು ಸಿಗಲಿಲ್ಲ” ಎಂದೆ.

ಬರೆದು ಕಳಿಸು. ಆದರೆ ಒಂದು ತೊಂದರೆ ಮೊದಲೇ ಹೇಳುತ್ತೇನೆ. ಈ ಹೆಸರಿಗೆ ಬೇಕಾದ ಸಕಾರದ ಒತ್ತು ನನ್ನಲ್ಲಿ ಇರುವುದೇ ಇಪ್ಪತ್ತೆರಡು ಅಚ್ಚುಮೊಳೆ. ನಿನ್ನ ಒಂದು ಕಾಗದದಲ್ಲೇ ಅವನ ಹೆಸರು ಮತ್ತೆ ಮತ್ತೆ ಬರುತ್ತದೆ. ಆಗಾಗ ‘ಅವನು’ ಎಂದು ಬರೆ. ದೊಡ್ಡವರ ಹೆಸರನ್ನು ಹಾಗೆ ಪದೇ ಪದೇ ಹೇಳಬಾರದು, ಮೊಳೆ ಸವೆಯುತ್ತದೆ.

ನಿನ್ನ ಕೊರಗಣ್ಣನ ಹೆಂಡತಿ ಪೂವಕ್ಕ ಬಂದಿದ್ದಳು. ಕಟ್ಟಿದ ಬೀಡಿ ಕೊಡಲು ಬಂದರಿಗೆ ಬಂದಾಗೆಲ್ಲ ಗಂಡನ ಕಾಗದವನ್ನು ನನ್ನಿಂದ ಓದಿಸಿಕೊಂಡು ಹೋಗುತ್ತಾಳೆ. ಅದು ನಿನ್ನ ಅಕ್ಷರವೆಂದು ಲಕೋಟೆ ನೋಡಿಯೇ ಗೊತ್ತಾಗುತ್ತದೆ. ನಲವತ್ತು ವರ್ಷ ಬೇರೆಯವರ ಅಕ್ಷರ ನೋಡಿ ಮೊಳೆ ಜೋಡಿಸಿದವನು ನಾನು. ಓದಿ ಮುಗಿಸಿದ ಮೇಲೆ ಅವಳು ಕೇಳಿದಳು, “ಪೊರ್ಬುಲೇ, ಅವರು ಇದನ್ನು ನಗುತ್ತಾ ಬರೆಸಿದ್ದಾ, ಬೇಜಾರಲ್ಲಿ ಬರೆಸಿದ್ದಾ? ಅದು ಇದರಲ್ಲಿ ಉಂಟಾ?” ಇಲ್ಲ ಎಂದೆ. ಮುಂದಿನ ಸಲ ಅದನ್ನೂ ಬರೆ.

ಅವರು ಮನೆ ಕಟ್ಟಿಕೊಂಡಿರುವುದು ಸರ್ಕಾರಿ ಜಾಗದಲ್ಲಿ. ಹಕ್ಕುಪತ್ರದ ಅರ್ಜಿ ಕೊರಗನ ಹೆಸರಿನಲ್ಲಿದೆ. ಆ ಜಾಗ ತನ್ನದೆಂದು ಪಕ್ಕದ ತೋಟದವನೂ ತಕರಾರು ಹಾಕಿದ್ದಾನೆ. ಮಾರ್ಚ್ 20ಕ್ಕೆ ತಾಲೂಕು ಕಚೇರಿಯಲ್ಲಿ ವಿಚಾರಣೆ. ಅರ್ಜಿ ಹಾಕಿದವನೇ ಖುದ್ದಾಗಿ ನಿಲ್ಲಬೇಕಂತೆ. ಕೊರಗನಿಗೆ ನೆನಪು ಮಾಡು.

ಕಾಸ್ಮಿರ್

*

ದೋಹಾ
8 ಡಿಸೆಂಬರ್ 1995, ಶುಕ್ರವಾರ

ಪೊರ್ಬುಗಳೇ,

ಹಸ್ತಪ್ರತಿ ಇದರ ಜೊತೆಗಿದೆ. ಮುಶೈರಿಬ್‌ನ ಬಟ್ಟೆ ಅಂಗಡಿಯ ಮೊಯ್ದಿನ್ ಕುಂಞಿ ಊರಿಗೆ ಬರುತ್ತಿದ್ದಾರೆ, ಅವರ ಕೈಯಲ್ಲಿ ಕೊಟ್ಟಿದ್ದೇನೆ. ಅಂಚೆಯವರನ್ನು ನಂಬುವುದಿಲ್ಲ.

ಇದನ್ನು ಬರೆಯುತ್ತ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಓದಿ ಸುಮ್ಮನೆ ಕೂರುವವನು ಓದದವನಿಗಿಂತ ಕೆಟ್ಟವನು. ಈ ಕ್ಯಾಂಪಿನಲ್ಲಿ ಎರಡು ವರ್ಷ ದಾಟಿದವರು ಹದಿನೇಳು ಮಂದಿ ಇದ್ದಾರೆ. ರಜೆ ಕೇಳಿದರೆ ‘ಬುಕ್ರಾ’ ಎನ್ನುತ್ತಾರೆ, ನಾಳೆ. ಅವರ ನಾಳೆಗೆ ತಾರೀಕಿಲ್ಲ. ನಮ್ಮೆಲ್ಲರ ಪಾಸ್‌ಪೋರ್ಟುಗಳು ಆಫೀಸಿನ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿವೆ. ನಾನು ಒಂದು ಮನವಿ ಬರೆದೆ. ಎರಡು ವರ್ಷ ಮುಗಿಸಿದವನಿಗೆ ರಜೆ, ಅವನ ಪಾಸ್‌ಪೋರ್ಟು ಅವನ ಕೈಗೆ. ಎರಡೇ ಬೇಡಿಕೆ. ಇಪ್ಪತ್ನಾಲ್ಕು ಸಹಿ, ಹತ್ತೊಂಬತ್ತು ಹೆಬ್ಬೆಟ್ಟು. ಮೊದಲ ಹೆಬ್ಬೆಟ್ಟು ಕೊರಗಣ್ಣನದು. “ಹೆದರಿಕೆ ಇಲ್ವಾ?” ಎಂದು ಕೇಳಿದ್ದಕ್ಕೆ, “ಮಾರ್ಚ್ ಇಪ್ಪತ್ತಕ್ಕೆ ಆ ತೋಟದವನ ಎದುರು ನಾನು ನಿಲ್ಲದಿದ್ದರೆ ಪೂವಕ್ಕ ಮಗುವನ್ನು ಎತ್ತಿಕೊಂಡು ಎಲ್ಲಿಗೆ ಹೋಗ್ತಾಳೆ? ಒತ್ತು ಮಾರಾಯ, ಶಾಯಿ ಇನ್ನೂ ಸ್ವಲ್ಪ ಹಾಕು” ಎಂದರು. ಆ ಮಗುವನ್ನು ಅವರು ಇನ್ನೂ ನೋಡಿಲ್ಲ. ಇದನ್ನು ಪೂವಕ್ಕನಿಗೆ ಹೇಳಿ: ಅವರು ಅದನ್ನು ನಗುತ್ತಲೇ ಹೇಳಿದರು.

ಪುಸ್ತಕದ ಕೊನೆಯ ಪುಟಗಳಿಲ್ಲ ಎಂದಿದ್ದೆನಲ್ಲ. ಅದು ನಿಲ್ಲುವುದು 1783ರಲ್ಲಿ. ಯುದ್ಧ ಗೆದ್ದಾಗಿದೆ. ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ಮಹಾಸೇನಾಪತಿ ತನ್ನ ಅಧಿಕಾರಿಗಳನ್ನು ಬೀಳ್ಕೊಡುತ್ತಾನೆ. ಎಲ್ಲರಿಗಿಂತ ಮೊದಲು ತಬ್ಬಿಕೊಳ್ಳುವುದು ನಾಕ್ಸನನ್ನು. ಮುಂದಿನದನ್ನು ನಾನೇ ಬರೆದೆ: ‘ಅವನು ಖಡ್ಗವನ್ನು ಗೋಡೆಗೆ ತೂಗುಹಾಕಿ, ತನ್ನ ಪುಸ್ತಕದಂಗಡಿಯ ಬಾಗಿಲನ್ನು ಮತ್ತೆ ತೆರೆದನು.’

ಹಾಶಿಮ್

*

ಮಂಗಳೂರು
2 ಜನವರಿ 1996

ಪ್ರಿಯ ಹಾಶಿಮ,

ಹೊಸ ವರ್ಷದ ಶುಭಾಶಯ. ಮೊಯ್ದಿನ್ ಕುಂಞಿಯವರು ಬಂದು ಕೊಟ್ಟುಹೋದರು. ಮೊದಲ ನಾಲ್ಕು ಪುಟ ಜೋಡಿಸಿ ಆಯಿತು. ಈಗ ಮೊದಲಿನಷ್ಟು ಬೇಗ ಆಗುವುದಿಲ್ಲ, ಬೆಳಕು ಸಾಲುವುದಿಲ್ಲ. ಹಿಮದ ಮೇಲಿನ ಪ್ರಯಾಣ ಚೆನ್ನಾಗಿ ಬರೆದಿದ್ದೀಯ. ಒಂದು ಫಿರಂಗಿ ಮಂಜುಗಡ್ಡೆ ಒಡೆದು ಹೊಳೆಗೆ ಬಿದ್ದದ್ದು, ಅದನ್ನು ಮತ್ತೆ ಎತ್ತಿದ್ದು, ಅದನ್ನು ಜೋಡಿಸುವಾಗ ನನಗೇ ಕೈ ತಣ್ಣಗಾಯಿತು.

ಒಂದೇ ಪ್ರಶ್ನೆ. ಅಂಗಡಿಗೆ ಮರಳಿದ ಎಂದು ನಿನಗೆ ಹೇಗೆ ಗೊತ್ತು? ‘ಅಚ್ಚಾದ ಸುಳ್ಳು ಎರಡು ಸುಳ್ಳು’ ಎಂದು ಹದಿನಾರನೇ ವಯಸ್ಸಿನಲ್ಲಿ ನನ್ನ ಜೊತೆ ಜಗಳ ಮಾಡಿದವನು ನೀನು. ಒಂದು ಕರಪತ್ರದಲ್ಲಿ ಸಭೆಗೆ ಬಂದ ಜನರ ಸಂಖ್ಯೆಯನ್ನು ಗಿರಾಕಿ ಹೆಚ್ಚಿಸಿದ್ದನೆಂದು ಮುದ್ರಿಸಲು ಬಿಡಲಿಲ್ಲ. ಆ ಗಿರಾಕಿ ಮತ್ತೆ ಬರಲೇ ಇಲ್ಲ. ನೆನಪಿದೆಯೇ?

ಪ್ರೆಸ್ಸಿನ ಕೆಲಸ ನಡೆಯುತ್ತಿದೆ.

ಕಾಸ್ಮಿರ್

*

ದೋಹಾ
16 ಫೆಬ್ರುವರಿ 1996, ಶುಕ್ರವಾರ

ಪ್ರೀತಿಯ ಪೊರ್ಬುಗಳಿಗೆ,

ನಾನು ಇಲ್ಲಿ ಕ್ಷೇಮ.

ನಿಮಗೊಂದು ಸಂತೋಷದ ಸುದ್ದಿ. ಮನವಿಗೆ ಫಲ ಸಿಕ್ಕಿತು. ಮ್ಯಾನೇಜರ್ ನನ್ನನ್ನು ಒಳಗೆ ಕರೆದು ಕುರ್ಚಿ ಕೊಟ್ಟರು. “ಇಷ್ಟು ಚೆನ್ನಾಗಿ ಬರೆಯುವವನು ಪೈಪು ಯಾಕೆ ಹೊರಬೇಕು?” ಎಂದರು. ನನ್ನನ್ನು ಕ್ಯಾಂಪ್ ಬಾಸ್ ಮಾಡಿದ್ದಾರೆ. ಕೋಣೆ, ನೀರು, ಬಸ್ಸು, ಎಲ್ಲದರ ಉಸ್ತುವಾರಿ ನನ್ನದು. ಮುಖ್ಯವಾಗಿ ರಜೆಯ ಪಟ್ಟಿಯನ್ನು ಇನ್ನು ನಾನೇ ಬರೆಯುತ್ತೇನೆ. ಆಫೀಸಿನ ಜೇಕಬ್ ಅದನ್ನು ಟೈಪ್ ಮಾಡುವುದಷ್ಟೇ. ಹೊರಗಿನಿಂದ ಕೂಗಿದ್ದು ಸಾಕು, ಒಳಗಿನಿಂದಲೇ ಸರಿಮಾಡಬಹುದು. ನಾಕ್ಸ್ ಕೂಡ ಬರಿಯ ಪುಸ್ತಕದಂಗಡಿಯವನಾಗಿಯೇ ಉಳಿಯಲಿಲ್ಲವಲ್ಲ.

ನನಗೆ ಬೇರೆ ಕೋಣೆ ಕೊಟ್ಟಿದ್ದಾರೆ. ಒಂದೇ ಮಂಚ, ಕಿಟಕಿಗೆ ಎ.ಸಿ. ಇದೆ. ಓದಲು ಬರೆಯಲು ಒಳ್ಳೆಯದು.

ಇಲ್ಲಿ ಉಪವಾಸದ ತಿಂಗಳು. ಕಳೆದ ವರ್ಷ ಉಪವಾಸ ಬಿಡುವ ಹೊತ್ತಿಗೆ ಕೊರಗಣ್ಣ ಎಲ್ಲರಿಗಿಂತ ಮೊದಲು ಖರ್ಜೂರ ಹರಡಿ, ಲೋಟಗಳಿಗೆ ನೀರು ತುಂಬಿಸಿ ಕೂರುತ್ತಿದ್ದರು. “ಬಾಂಗ್ ಆಗ್ಲಿಕ್ಕೆ ನಿನಗಿಂತ ಹೆಚ್ಚು ನಾನೇ ಕಾಯುವುದು” ಎನ್ನುತ್ತಿದ್ದರು. ಈ ವರ್ಷ ನನ್ನ ಕೋಣೆಯಲ್ಲೇ ಮುಗಿಸುತ್ತೇನೆ. ಪಟ್ಟಿ ಬರೆಯುವವನು ಒಬ್ಬರ ಜೊತೆ ಹೆಚ್ಚು ಕಂಡರೆ ಉಳಿದವರು ಮಾತಾಡುತ್ತಾರೆ.

ಅಂಗಡಿಗೆ ಮರಳಿದ್ದಕ್ಕೆ ಸಾಕ್ಷಿ ಕೇಳಿದ್ದೀರಿ. ಅಂಥವನು ಬೇರೆಲ್ಲಿಗೆ ಹೋದಾನು? ಅದು ಅವನ ಸ್ವಭಾವದಲ್ಲೇ ಇದೆ. ಹಾಗೆಯೇ ಮುದ್ರಿಸಿ.

ನಿಮ್ಮವನೇ,
ಹಾಶಿಮ್

*

ಮಂಗಳೂರು
14 ಏಪ್ರಿಲ್ 1996

ಪ್ರಿಯ ಹಾಶಿಮ,

ನಿನ್ನ ಫೆಬ್ರುವರಿಯ ಕಾಗದವನ್ನು ಮೂರು ಸಲ ಓದಿದೆ. ‘ನಾನು ಇಲ್ಲಿ ಕ್ಷೇಮ’ ಎಂದು ಶುರು ಮಾಡಿದ್ದೀಯ. ಏನಾಗಿದೆ ನಿನಗೆ?

ನಾನು ಉತ್ತರ ಬರೆಯದೆ ಮಾರ್ಚ್ 20ನ್ನು ಕಾಯುತ್ತಿದ್ದೆ. ಕೊರಗ ಬರಲಿಲ್ಲ. ಪೂವಕ್ಕ ಮಗುವನ್ನು ಕಂಕುಳಲ್ಲಿಟ್ಟುಕೊಂಡು ತಾಲೂಕು ಕಚೇರಿಗೆ ಹೋದಳು. ನಾನೂ ಹೋದೆ. ಪಕ್ಕದ ತೋಟದವನು ವಕೀಲರ ಜೊತೆ ಬಂದಿದ್ದ. “ಅರ್ಜಿದಾರ ಎಲ್ಲಿ?” ಎಂದು ಕೇಳಿದರು. “ಗಲ್ಫಿನಲ್ಲಿ” ಎಂದಳು. “ಗಲ್ಫಿನಲ್ಲಿರುವವನಿಗೆ ಇಲ್ಲಿ ಜಾಗ ಯಾಕೆ?” ಎಂದ ವಕೀಲ. ನಾಲ್ಕು ಜನ ನಕ್ಕರು. ಕೊನೆಗೆ ಇನ್ನೊಂದು ತಾರೀಕು ಕೊಟ್ಟಿದ್ದಾರೆ, ಆಗಸ್ಟ್ 21. ಅದೇ ಕೊನೆಯದು. ಅಂದೂ ಬಾರದಿದ್ದರೆ ಅರ್ಜಿ ವಜಾ.

ಮೊನ್ನೆ ಅವಳು ಗಂಡನ ಹೊಸ ಕಾಗದ ತಂದಳು. ಲಕೋಟೆಯ ಮೇಲೆ ನಿನ್ನ ಅಕ್ಷರವಿರಲಿಲ್ಲ. ಯಾರೋ ಕನ್ನಡ ಅರ್ಧ ಮರೆತವರು ಬರೆದುಕೊಟ್ಟಿದ್ದಾರೆ. ಅದರಲ್ಲಿದ್ದದ್ದನ್ನು ಹಾಗೆಯೇ ನಕಲು ಮಾಡುತ್ತೇನೆ: ‘ಹಾಶಿಮ್ ಈಗ ದೊಡ್ಡ ಜನ. ನಮ್ಮ ರೂಮಿಗೆ ಬರುವುದಿಲ್ಲ. ಪಾಸ್‌ಪೋರ್ಟ್ ಪೆಟ್ಟಿಗೆಯ ಬೀಗದ ಕೈ ಅವನ ಸೊಂಟದಲ್ಲಿ ಉಂಟು. ಪಟ್ಟಿಯಲ್ಲಿ ನನ್ನ ಹೆಸರು ಇತ್ತಂತೆ, ಪೆನ್ಸಿಲಿನಲ್ಲಿ ಗೀಟು ಹಾಕಿದ್ದಾನಂತೆ. ಜೇಕಬ್ ಹೇಳಿದ್ದು.’

ಅಲ್ಲಿಗೆ ನಾನು ಓದುವುದನ್ನು ನಿಲ್ಲಿಸಿದೆ. ಪೂವಕ್ಕ, “ಮುಂದೆ ಓದಿ ಪೊರ್ಬುಲೇ, ನಾನು ಅಳುವುದಿಲ್ಲ” ಎಂದಳು.

ಜೇಕಬ್ ಹೇಳಿದ್ದು ಸುಳ್ಳೆಂದು ಬರೆ. ಅವಳಿಗೆ ಓದಿ ಹೇಳುತ್ತೇನೆ.

ಕಾಸ್ಮಿರ್

*

ದೋಹಾ
24 ಮೇ 1996, ಶುಕ್ರವಾರ

ಶ್ರೀ ಕಾಸ್ಮಿರ್ ಅವರಿಗೆ,

ದೂರದಲ್ಲಿ ಕೂತು ತೀರ್ಪು ಕೊಡುವುದು ಸುಲಭ. ಉತ್ತರದ ಸೈಟಿನಲ್ಲಿ ಕೆಲಸ ಮುಗಿಸಲು ಕಂಪನಿಗೆ ಗಡುವು ಇದೆ. ಎತ್ತರದಲ್ಲಿ ಸ್ಕಾಫೋಲ್ಡಿಂಗ್ ಕಟ್ಟುವವರಲ್ಲಿ ಕೊರಗಣ್ಣನಷ್ಟು ಪಳಗಿದವರು ಇನ್ನೊಬ್ಬರಿಲ್ಲ. ಮಾರ್ಚಿನಲ್ಲಿ ಅವರನ್ನು ಬಿಡಲಾಗುವುದಿಲ್ಲವೆಂದು ಮ್ಯಾನೇಜರ್ ಹೇಳಿದರು. ನಾನು ಹಟ ಹಿಡಿದಿದ್ದರೆ ಇಡೀ ಪಟ್ಟಿಯೇ ಹೋಗುತ್ತಿತ್ತು. ಒಂದು ಗೀಟು ಹಾಕಿ ಐದು ಜನರನ್ನು ಮನೆಗೆ ಕಳಿಸಿದೆ. ಆ ಐದು ಜನರ ಕಾಗದಗಳನ್ನು ನಿಮಗೆ ಯಾರೂ ಓದಲು ತರಲಿಲ್ಲ, ಅಷ್ಟೇ.

ಕೊರಗಣ್ಣ ಈಗ ನನ್ನನ್ನು ಕಂಡರೆ ಎದ್ದು ನಿಂತು “ಸರ್” ಎನ್ನುತ್ತಾರೆ. ಬೇಡವೆಂದರೂ ಬಿಡುವುದಿಲ್ಲ. ನಾನು ಮೆಸ್ಸಿಗೆ ಹೋದರೆ ಮಾತು ನಿಲ್ಲುತ್ತದೆ, ತಟ್ಟೆಯ ಸದ್ದು ಮಾತ್ರ ಕೇಳಿಸುತ್ತದೆ. ಹೋದ ಶುಕ್ರವಾರ ಒಬ್ಬನೇ ಕಡಲ ದಂಡೆಗೆ ಹೋಗಿ ಕೂತಿದ್ದೆ. ಆಚೆ ದಡದಲ್ಲಿ ವೆಸ್ಟ್ ಬೇಯ ದೊಡ್ಡ ಹೋಟೆಲು ಕಾಣುತ್ತದೆ. ಒಂದು ಕಾಲದಲ್ಲಿ ನಾವು ಎಂಟೂ ಜನ ಅದೇ ದಂಡೆಯಲ್ಲಿ ಕೂತು ಅದರ ಕಿಟಕಿಗಳನ್ನು ಎಣಿಸುತ್ತಿದ್ದೆವು. ಒಬ್ಬೊಬ್ಬರದು ಒಂದೊಂದು ಲೆಕ್ಕ ಬಂದು ಜಗಳವಾಗುತ್ತಿತ್ತು. ಈ ಸಲ ಒಂದೇ ಲೆಕ್ಕ ಬಂತು. ಅದು ಸರಿಯೋ ತಪ್ಪೋ ಹೇಳುವವರಿರಲಿಲ್ಲ.

ಇದನ್ನೆಲ್ಲ ಯಾಕೆ ಬರೆದೆನೋ. ಹೇಳಬೇಕಾದದ್ದು ಬೇರೆ. ಹಸ್ತಪ್ರತಿ ಕೊಟ್ಟು ಆರು ತಿಂಗಳಾಯಿತು. ಹದಿನಾರು ಪುಟಕ್ಕೆ ಆರು ತಿಂಗಳೇ? ನಿಮಗೆ ಮನಸ್ಸಿಲ್ಲದಿದ್ದರೆ, ಧೈರ್ಯವಿಲ್ಲದಿದ್ದರೆ, ಹಾಗೆಂದು ಬರೆಯಿರಿ. ಆಗಸ್ಟಿನ ಪಟ್ಟಿಯಲ್ಲಿ ನನ್ನ ಹೆಸರಿದೆ. ನಾನೇ ಬಂದು ಪ್ರೆಸ್ಸಿನಲ್ಲಿ ನಿಂತು ಮುಗಿಸುತ್ತೇನೆ.

ಹಾಶಿಮ್

*

ಮಂಗಳೂರು
15 ಜೂನ್ 1996

ಪ್ರಿಯ ಹಾಶಿಮ,

ಆಗಸ್ಟಿನ ಪಟ್ಟಿಯಲ್ಲಿ ನಿನ್ನ ಹೆಸರಿದೆ ಎಂದು ನೀನು ಬರೆದೆ. ಆ ಸಾಲನ್ನು ಪೂವಕ್ಕನಿಗೆ ಓದಿ ಹೇಳಲಿಲ್ಲ.

ನಾನು ನಿನ್ನಿಂದ ಎರಡು ವಿಷಯ ಮುಚ್ಚಿಟ್ಟಿದ್ದೆ. ಇನ್ನು ಮುಚ್ಚಿಡುವುದು ಸರಿಯಲ್ಲ.

ಮೊದಲನೆಯದು. ಜನವರಿಯಲ್ಲೇ ನಾನು ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ, ಅಲ್ಲಿನ ಪಾದ್ರಿಗಳ ಸಹಾಯದಿಂದ ನಿನ್ನ ನಾಕ್ಸನ ಉಳಿದ ಚರಿತ್ರೆ ಹುಡುಕಿಸಿದೆ. ಅವನು ಅಂಗಡಿಗೆ ಮರಳಲಿಲ್ಲ. ಮರಳಲು ಅಂಗಡಿಯೇ ಇರಲಿಲ್ಲ. ಅವನು ಯುದ್ಧಕ್ಕೆ ಹೋದಾಗ ಊರಿನಲ್ಲಿ ಅದನ್ನು ಲೂಟಿ ಮಾಡಿದ್ದರು. ಆಮೇಲೆ ಅವನು ಯುದ್ಧಮಂತ್ರಿಯಾದ. ಒಳ್ಳೆಯ ಕೆಲಸವನ್ನೂ ಮಾಡಿದ. ಅಲ್ಲಿನ ಮೂಲನಿವಾಸಿಗಳ ನೆಲವನ್ನು ಬಲದಿಂದ ಕಸಿಯಬಾರದು, ಒಪ್ಪಂದದಿಂದಲೇ ಪಡೆಯಬೇಕು ಎಂದು ವಾದಿಸಿದವನಂತೆ. ಅದಾದ ಮೇಲೆ ಹೆಂಡತಿಯ ತವರಿನ ಕಡೆಯಿಂದ ಉತ್ತರದಲ್ಲಿ ದೊಡ್ಡ ಜಮೀನು ಕೈಗೆ ಬಂತು. ಅಲ್ಲಿ ದೊಡ್ಡ ಮಾಳಿಗೆಮನೆ ಕಟ್ಟಿಸಿದ. ಆ ಜಮೀನಿನಲ್ಲಿ ಬಡವರು ಕಾಡು ಕಡಿದು, ಮನೆ ಕಟ್ಟಿಕೊಂಡು ಕೂತಿದ್ದರು. ಅವರ ಹತ್ತಿರ ಕಾಗದ ಇರಲಿಲ್ಲ. ಇವನ ಹತ್ತಿರ ಇತ್ತು. ಅವರಲ್ಲಿ ಕೆಲವರು ಇವನ ಜೊತೆಯಲ್ಲೇ ಯುದ್ಧ ಮಾಡಿದವರೂ ಇದ್ದಿರಬಹುದು, ನನಗೆ ಗೊತ್ತಿಲ್ಲ. ಅವರು ಇವನ ಮೇಲೆ ತಿರುಗಿಬಿದ್ದರು. ಕೊನೆಗೆ ಐವತ್ತಾರನೇ ವಯಸ್ಸಿನಲ್ಲಿ ಊಟ ಮಾಡುವಾಗ ಕೋಳಿಯ ಎಲುಬು ಗಂಟಲಲ್ಲಿ ಸಿಕ್ಕಿಕೊಂಡು ತೀರಿಕೊಂಡ. ಐವತ್ತೊಂಬತ್ತು ಫಿರಂಗಿ ಸಾಗಿಸಿದವನು!

ಇದನ್ನು ನಿನಗೆ ಬರೆಯಲು ಕೈ ಬರಲಿಲ್ಲ, ಕಾರಣ ಎರಡನೆಯ ವಿಷಯ. ಪ್ರೆಸ್ಸು ಇಲ್ಲ ಹಾಶಿಮ. ಈಗ ಎಲ್ಲರಿಗೂ ಕಂಪ್ಯೂಟರ್ ಅಕ್ಷರ, ಆಫ್‌ಸೆಟ್ ಬೇಕು. ಮದುವೆ ಕಾಗದದವರೂ ಬರುವುದಿಲ್ಲ. ಏಪ್ರಿಲ್‌ನಲ್ಲಿ ಟ್ರೆಡಲ್ ಮೆಷಿನನ್ನು ಗುಜರಿಯವನು ಕಳಚಿ ಒಯ್ದ. ಮೊಳೆಗಳು ಸೀಸದ ಬೆಲೆಗೆ ಹೋದವು. ತೂಗುವಾಗ ಉರ್ಸುಲಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಯಾವಾಗಲೂ ಈ ಹಾಳು ಪ್ರೆಸ್ಸು ಎಂದು ಬೈಯುತ್ತಿದ್ದವಳು ಅವಳೇ. ಊರೆಂದರೆ ಅದೊಂದೇ ಬಾಗಿಲು ಎಂದು ನೀನು ಬರೆದಿದ್ದೆ. ಅವನಿಗೂ ಅಂಗಡಿ ಇಲ್ಲ, ನಿನಗೂ ಪ್ರೆಸ್ಸು ಇಲ್ಲ ಎಂದು ಒಂದೇ ಕಾಗದದಲ್ಲಿ ಹೇಗೆ ಹೇಳಲಿ? ಅದಕ್ಕೇ ಸುಮ್ಮನಿದ್ದೆ. ಇದಕ್ಕೆ ನೀನು ಧೈರ್ಯವಿಲ್ಲ ಎಂದೆ. ಹೌದು, ಇರಲಿಲ್ಲ.

ಆದರೆ ಮೆಷಿನು ಹೋಗುವ ಮೊದಲು ಮುನ್ನೂರು ಪ್ರತಿಗೆ ಹದಿನೈದು ಪುಟ ಮುದ್ರಿಸಿದ್ದೇನೆ. ಹದಿನಾರನೆಯದು, ಹಿಂಬದಿಯ ಪುಟ, ಖಾಲಿ ಇದೆ. ನಿನ್ನ ಆ ಕೊನೆಯ ಸಾಲನ್ನು ಜೋಡಿಸಲಿಲ್ಲ. ಒಂದು ಪುಟಕ್ಕೆ ಬೇಕಾಗುವಷ್ಟು ಮೊಳೆಯನ್ನು ಬಿಸ್ಕತ್ ಡಬ್ಬಿಯಲ್ಲಿ ತೆಗೆದಿಟ್ಟಿದ್ದೇನೆ. ಪ್ರೂಫ್ ತೆಗೆಯುವ ಚಿಕ್ಕ ಕೈಮೆಷಿನನ್ನು ಗುಜರಿಯವನಿಗೆ ಕೊಡಲಿಲ್ಲ. ಆ ಪುಟದಲ್ಲಿ ಏನಿರಬೇಕೆಂದು ನೀನೇ ಬರೆದು ಕಳಿಸು. ಅಂಗಡಿಗೆ ಮರಳಿದ ಎಂದೇ ಬರೆದರೆ ಹಾಗೆಯೇ ಮುದ್ರಿಸುತ್ತೇನೆ. ನಿನ್ನ ಜೊತೆ ಜಗಳಕ್ಕೆ ನನಗೆ ಈಗ ಶಕ್ತಿ ಇಲ್ಲ.

ಪೂವಕ್ಕ ನಿನ್ನನ್ನು ಬೈಯಲಿಲ್ಲ. “ಅವನೂ ಮಗುವೇ ಅಲ್ವಾ ಪೊರ್ಬುಲೇ, ಅಲ್ಲಿ ಹೇಳುವವರು ಯಾರಿದ್ದಾರೆ?” ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಕಾಸ್ಮಿರ್

*

ದೋಹಾ
2 ಆಗಸ್ಟ್ 1996, ಶುಕ್ರವಾರ
(ಕೈಯಲ್ಲಿ ಕಳಿಸಿದ್ದು)

ಪೊರ್ಬುಗಳೇ,

ನಿಮ್ಮ ಕಾಗದ ಬಂದು ಒಂದು ತಿಂಗಳ ಮೇಲಾಯಿತು. ಮೊದಲ ವಾರ ನಿಮ್ಮ ಮೇಲೆ ಸಿಟ್ಟಿನಲ್ಲಿದ್ದೆ. ಎರಡನೆಯ ವಾರ ನಾಕ್ಸನ ಮೇಲೆ. ಆ ಇಂಜಿನಿಯರ್ ಕೊನೆಯ ಪುಟಗಳನ್ನು ಹರಿದದ್ದೇ ಸರಿಯೆನಿಸಿತು. ಆಮೇಲೆ ಸಿಟ್ಟು ಮಾಡಲು ಯಾರೂ ಉಳಿಯಲಿಲ್ಲ.

ಒಂದು ಮಧ್ಯಾಹ್ನ ಆಫೀಸಿನಲ್ಲಿ ಆ ಕಬ್ಬಿಣದ ಪೆಟ್ಟಿಗೆಯನ್ನು ತೆರೆದು ಕೂತೆ. ಇನ್ನೂರು ಪಾಸ್‌ಪೋರ್ಟು. ಕೊರಗಣ್ಣನದನ್ನು ತೆಗೆದು ನೋಡಿದೆ. ಫೋಟೋದಲ್ಲಿ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಮೇಲಿನ ಗುಂಡಿಯವರೆಗೆ ಅಂಗಿ ಹಾಕಿಕೊಂಡು, ಮದುಮಗನ ಹಾಗೆ ಕೂತಿದ್ದಾರೆ. ಅವರ ಮನೆಯ ಹಕ್ಕುಪತ್ರಕ್ಕೂ ಅವರಿಗೂ ನಡುವೆ ನನ್ನ ಸೊಂಟದ ಬೀಗದ ಕೈ ಇತ್ತು. ನಾನು ಯಾವ ಕಡೆಯವನಾಗಿದ್ದೇನೆಂದು ತಿಳಿಯಲು ನನಗೆ ಬೇರೆ ಪುಸ್ತಕ ಬೇಕಾಗಲಿಲ್ಲ.

ಮ್ಯಾನೇಜರ್ ಬಳಿಗೆ ಹೋದೆ. “ಆಗಸ್ಟಿಗೆ ಆರೇ ಜನ. ಕೊರಗ ಹೋಗಬೇಕಾದರೆ ಯಾರನ್ನು ತೆಗೆಯುತ್ತೀ?” ಎಂದರು. ನನ್ನ ಹೆಸರಿಗೆ ಗೀಟು ಹಾಕಿ ಅವರ ಹೆಸರು ಬರೆದೆ. ಈ ಸಲ ಪೆನ್ನಿನಲ್ಲಿ. ಪಾಸ್‌ಪೋರ್ಟುಗಳನ್ನು ಅವರವರಿಗೇ ಕೊಡಬೇಕೆಂದು ಮತ್ತೆ ಕೇಳಿದೆ. ಅದಕ್ಕೆ ಸಿಕ್ಕ ಉತ್ತರ ಒಂದೇ: “ಖಲಾಸ್.” ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಬಂದೆ. ಈಗ ಅದು ಬೇರೊಬ್ಬನ ಸೊಂಟದಲ್ಲಿದೆ. ಹಾಗಾಗಿ ಇದನ್ನು ಗೆಲುವೆಂದು ಬರೆಯುವುದಿಲ್ಲ. ನನ್ನನ್ನು ಉತ್ತರದ ಸೈಟಿಗೆ ಹಾಕಿದ್ದಾರೆ, ಪೈಪಿನ ಕೆಲಸಕ್ಕೆ. ನನ್ನ ರಜೆ ಇನ್ನೊಂದು ವರ್ಷದ ಮೇಲಂತೆ. ತಾರೀಕು ಹೇಳಿಲ್ಲ.

ಹಳೆಯ ರೂಮಿಗೆ ಮರಳಿದೆ. ಮೇಲಿನ ಮಂಚಕ್ಕೆ ಬೇರೆಯವರು ಬಂದಿದ್ದಾರೆ. ನೆಲದ ಮೇಲೆ ಹಾಸಿಕೊಳ್ಳುತ್ತೇನೆ. ಯಾರೂ ಬೇಡವೆನ್ನಲಿಲ್ಲ, ಯಾರೂ ಬಾ ಎನ್ನಲೂ ಇಲ್ಲ. ಕೊರಗಣ್ಣ ಟಿಕೆಟು ಕೈಗೆ ಬಂದಾಗಲೂ “ಥ್ಯಾಂಕ್ಸ್ ಸರ್” ಎಂದರು.

ಹದಿನಾರನೇ ಪುಟ ಹೀಗಿರಲಿ:

‘ಈ ಪುಸ್ತಿಕೆಯನ್ನು ಬರೆದವನಿಗೆ ಸಿಕ್ಕಿದ್ದು ಅರ್ಧ ಚರಿತ್ರೆ. ಉಳಿದದ್ದನ್ನು ಮುದ್ರಕರು ಹುಡುಕಿದರು. ಯುದ್ಧದ ಮೇಲೆ ಹೆನ್ರಿ ನಾಕ್ಸ್ ಪುಸ್ತಕದಂಗಡಿಗೆ ಮರಳಲಿಲ್ಲ. ಮಂತ್ರಿಯಾದನು. ಮೂಲನಿವಾಸಿಗಳ ನೆಲದ ಪರವಾಗಿ ಮಾತಾಡಿದನು. ಆಮೇಲೆ ಜಮೀನುದಾರನಾದನು. ಕಾಗದವಿಲ್ಲದೆ ಆ ನೆಲದಲ್ಲಿ ಮನೆ ಕಟ್ಟಿಕೊಂಡವರು ಅವನನ್ನು ದ್ವೇಷಿಸಿದರು. ಮೊದಲಿನ ಹದಿನೈದು ಪುಟಗಳೂ ನಿಜ, ಈ ಪುಟವೂ ನಿಜ. ಹಿಮದ ಮೇಲೆ ಆ ಫಿರಂಗಿಗಳನ್ನು ಎಳೆದದ್ದು ಎತ್ತುಗಳು. ಇದನ್ನು ಬರೆದವನಿಗೆ ತಿಳಿಸಿದವರು ಗುರುಪುರದ ಕಡೆಯ ಕೊರಗ ಎಂಬವರು.’

ಅವನ ಹೆಸರು ಒಂದೇ ಸಲ ಬಂದಿದೆ. ನಿಮ್ಮ ಡಬ್ಬಿಯಲ್ಲಿ ಒತ್ತು ಸಾಕಾಗಬಹುದು.

ಈ ಕಾಗದ ತಂದವರು ಕೊರಗಣ್ಣ. ವಿಮಾನದಲ್ಲಿ ಕೊಟ್ಟದ್ದನ್ನು ಅವರು ತಿಂದಿರಲಾರರು. ಉರ್ಸುಲಾಬಾಯಿಗೆ ಹೇಳಿ ಏನಾದರೂ ಬಡಿಸಿ. ಇಪ್ಪತ್ತೊಂದಕ್ಕೆ ನೀವೂ ಅವರ ಜೊತೆ ಹೋಗಿ ನಿಲ್ಲಿ. ವಕೀಲ ನಕ್ಕರೆ ನಗಲಿ.

ನಾನು ಕ್ಷೇಮವಾಗಿಲ್ಲ ಪೊರ್ಬುಗಳೇ. ಇದನ್ನು ಬರೆಯಲು ನನಗೆ ನಿಮ್ಮನ್ನು ಬಿಟ್ಟರೆ ಬೇರೆ ವಿಳಾಸವಿಲ್ಲ. ಪ್ರೆಸ್ಸು ಇಲ್ಲದಿದ್ದರೂ ಆ ವಿಳಾಸಕ್ಕೇ ಬರೆಯುತ್ತಿರುತ್ತೇನೆ.

ಹಾಶಿಮ್

ಇಲ್ಲಿಯವರೆಗೆ ಬರೆದು ಮಡಚುತ್ತಿದ್ದಾಗ ಕೊರಗಣ್ಣ ಪೆಟ್ಟಿಗೆ ಕಟ್ಟುವುದನ್ನು ನಿಲ್ಲಿಸಿ ಕೇಳಿದರು, “ಅದರಲ್ಲಿ ನನ್ನ ವಿಷಯ ಉಂಟಾ?” ಉಂಟು ಎಂದೆ. “ಓದಿ” ಎಂದರು. ಎಲ್ಲವನ್ನೂ ಓದಿದೆ, ಗೀಟು ಹಾಕಿದ್ದನ್ನೂ. ರೂಮಿನವರೆಲ್ಲ ಕೇಳಿಸಿಕೊಂಡರು. ಕೊರಗಣ್ಣ ಹಗ್ಗದ ಗಂಟನ್ನು ಎರಡು ಸಲ ಬಿಚ್ಚಿ ಕಟ್ಟಿದರು. ಆಮೇಲೆ ಕೈ ಚಾಚಿದರು.

“ಎತ್ತಿನ ಹೆಸರು ಕಡೆಗೂ ಗೊತ್ತಾಗಲಿಲ್ಲ ಅಲ್ವಾ?” ಎಂದರು. “ಅಂಟಿಸಿ ಕೊಡು ಮಾರಾಯ. ಬಸ್ಸು ಬಂತು.”